ಭೌತ ಬದಲಾವಣೆ ಮತ್ತು ರಾಸಾಯನಿಕ ಬದಲಾವಣೆ

ಆಕಾರ, ಗಾತ್ರ ಅಥವಾ ಸ್ಥಿತಿ ಬದಲಾದರೂ ವಸ್ತು ಅದೇ ಆಗಿ ಉಳಿದರೆ ಅದು ಭೌತ ಬದಲಾವಣೆ; ಪರಮಾಣುಗಳ ಬೆಸುಗೆ ಬೇರೆಯಾಗಿ ಹೊಸ ವಸ್ತು ಉಂಟಾದರೆ ರಾಸಾಯನಿಕ ಬದಲಾವಣೆ. ಮೊದಲನೆಯದನ್ನು ಹಿಂದಕ್ಕೆ ತರಬಹುದು, ಎರಡನೆಯದನ್ನು ತರಲಾಗದು ಎಂಬ ಸೂತ್ರ ಬಳಕೆಯಲ್ಲಿದೆ. ಅದನ್ನು ನೆಚ್ಚಿಕೊಂಡರೆ ಲೆಕ್ಕ ತಪ್ಪುವುದೇ ಹೆಚ್ಚು.

ಹಾವೇರಿ ಜಿಲ್ಲೆಯ ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಎಲೆಯ ಜೊತೆಗಿನ ಅಡಿಕೆಯನ್ನು ಅಡಕತ್ತರಿಯಿಂದ ಹೋಳು ಮಾಡಿದ ಮೇಲೆ ಮತ್ತೆ ಇಡಿಯಾಗಿಸಲು ಬರುವುದಿಲ್ಲ. ಆದರೂ ಹೋಳಿನಲ್ಲಿರುವುದು ಅಡಿಕೆಯೇ, ಬದಲಾವಣೆ ಭೌತವೇ. ಸುಣ್ಣದ ಸಂಗತಿ ಇದಕ್ಕೆ ತದ್ವಿರುದ್ಧ. ಸುಣ್ಣದ ಕಲ್ಲು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧವಾದ 100 ಗ್ರಾಂ ಕಲ್ಲಿಗೆ ಸಿಗುವುದು 56 ಗ್ರಾಂ. ನೋಡಲು ಹೆಚ್ಚುಕಡಿಮೆ ಅದೇ ಕಲ್ಲು, ಕೈಗೆ ಮಾತ್ರ ಹಗುರ. ನೀರು ಬಿದ್ದೊಡನೆ ಅದು ಬುಸುಗುಟ್ಟಿ, ಆವಿಯೆಬ್ಬಿಸಿ, ಬಿರಿದು ಪುಡಿಯಾಗುತ್ತದೆ. ಹೀಗೆ ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಪುನಃ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಮೂರು ಹಂತಗಳೂ ರಾಸಾಯನಿಕ, ವಸ್ತು ಮಾತ್ರ ಹೊರಟಲ್ಲಿಗೇ ಬಂದು ನಿಂತಿದೆ. ಎಲೆಅಡಿಕೆ ಬಾಯಲ್ಲಿ ಕೆಂಪಾಗುವುದೂ ಸುಣ್ಣದಿಂದಲೇ. ಅದರ ಕ್ಷಾರ ಸೋಕಿ ಅಡಿಕೆಯ ಪಾಲಿಫಿನಾಲುಗಳು ಉತ್ಕರ್ಷಣಗೊಂಡು ಕೆಂಪು ವಸ್ತುಗಳಾಗುತ್ತವೆ.

ಹಾಗೆಂದು ಬಣ್ಣ, ಗುಳ್ಳೆ, ಶಾಖ ಕಂಡೊಡನೆ ತೀರ್ಮಾನಕ್ಕೆ ಬರುವಂತಿಲ್ಲ. ಎರೆಮಣ್ಣು ಮಳೆಗೆ ಕಪ್ಪೇರುವುದು, ಬೇಸಿಗೆಯಲ್ಲಿ ಬಾಯಿ ಬಿಡುವುದು ಎರಡೂ ನೀರು ಸೇರಿ ಹೋಗುವುದರ ಫಲ, ಭೌತ. ಕುದಿಯುವ ನೀರಿನ ಗುಳ್ಳೆಯೂ ಬರೀ ಆವಿ.

ಶಿಗ್ಗಾವಿ, ಹಿರೇಕೆರೂರು ಕಡೆ ಗೋವಿನಜೋಳವನ್ನು ಬಿಸಿಲಿಗೆ ಹರವಿ ಒಣಗಿಸುವುದು ಭೌತ. ತೇವ ಉಳಿದು ಬೂಷ್ಟು ಹಿಡಿದು ರಾಶಿಯೊಳಗೆ ಕಾವೇರಿದರೆ ರಾಸಾಯನಿಕ. ಹಾನಗಲ್ಲ ತಾಲ್ಲೂಕಿನ ಮಾವು ಹಣ್ಣಾಗುವಾಗ ಪಿಷ್ಟ ಸಕ್ಕರೆಯಾಗುತ್ತದೆ. ಅದಕ್ಕೆ ಅವಸರ ಮಾಡಿ ಕೆಲವರು ಇಡುವ ಕ್ಯಾಲ್ಸಿಯಂ ಕಾರ್ಬೈಡ್ ತೇವ ತಾಗಿ ಅಸಿಟಿಲೀನ್ ಅನಿಲ ಬಿಡುತ್ತದೆ. ಭಾರತದಲ್ಲಿ ಈ ಬಳಕೆಗೆ ನಿಷೇಧವಿದೆ.

ಒಂದೇ ಕೆಲಸದಲ್ಲಿ ಎರಡೂ ಬೆರೆತಿರುವುದು ಅಡುಗೆಮನೆಯಲ್ಲಿ ಸಾಮಾನ್ಯ. ಹಾಲು ಮೊಸರಾಗುವಾಗ ಲ್ಯಾಕ್ಟೋಸ್ ಲ್ಯಾಕ್ಟಿಕ್ ಆಮ್ಲವಾಗುತ್ತದೆ, ರಾಸಾಯನಿಕ. ಕಡೆದು ಬೆಣ್ಣೆ ತೆಗೆಯುವುದು ಕೊಬ್ಬನ್ನು ಬೇರ್ಪಡಿಸುವುದಷ್ಟೇ, ಭೌತ. ಬೆಣ್ಣೆ ಕಾಸಿದಾಗ ನೀರು ಆವಿಯಾಗುವುದು ಭೌತ, ತಳದ ಗಸಿ ಕಂದಿ ಘಮ ಬರುವುದು ರಾಸಾಯನಿಕ.

ಜೋಳದ ರೊಟ್ಟಿಯಲ್ಲಿ ಗೆರೆ ಇನ್ನೂ ಮಸುಕು. ಜೋಳದಲ್ಲಿ ಗ್ಲುಟೆನ್ ಇಲ್ಲದ್ದರಿಂದ ಹಿಟ್ಟಿಗೆ ಕುದಿಯುವ ಎಸರು ಹಾಕಿದರೇ ಜಿಗಿ ಬರುತ್ತದೆ. ಆಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ. ಸಡಿಲಾಗುವುದು ಪಿಷ್ಟದ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳು, ಅಣುಗಳು ಒಡೆಯುವುದಿಲ್ಲ. ಇದನ್ನು ಭೌತವೆಂದು ಎಣಿಸುವವರೇ ಹೆಚ್ಚು, ಆದರೆ ಹಿಟ್ಟು ಮತ್ತೆ ಮೊದಲಿನ ಹಸಿ ಹಿಟ್ಟಾಗದು. ಹಂಚಿನ ಮೇಲೆ ಮೂಡುವ ಕಂದು ಚುಕ್ಕೆಗಳ ಬಗ್ಗೆ ತಕರಾರಿಲ್ಲ: ಅಲ್ಲಿ ಸಕ್ಕರೆ, ಅಮೈನೋ ಆಮ್ಲಗಳು ಕೂಡಿ ಹೊಸ ವಸ್ತುಗಳಾಗಿರುತ್ತವೆ.