ನಮ್ಮದು ಯಾವ ತಂಡ?

ನಾನು ಏಳನೇ ಕ್ಲಾಸಿಗೇ ಓದು ಬಿಟ್ಟು ನೇಗಿಲು ಹಿಡಿದವನು. ಬಿಡುವಿದ್ದಾಗ ಪದ ಹೇಳ್ತೀನಿ. ಇವನಿಗೇನು ಗೊತ್ತು ಫುಟ್‌ಬಾಲು ಅಂತ ನಗಬೇಡಿ. ನಮ್ಮನೇಲಿ ಅದರಿಂದ ಜಗಳ ಆಯಿತು, ಅದಕ್ಕೇ ಬರೀತಿದ್ದೀನಿ.

2018ರ ಮಾರ್ಚ್ 17. ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿಗೂ ಚೆನ್ನೈಯಿನ್ ಎಫ್‌ಸಿಗೂ ಐಎಸ್‌ಎಲ್ ಫೈನಲ್. ಟೀವಿ ಮುಂದೆ ನನ್ನ ಇಬ್ಬರು ಮೊಮ್ಮಕ್ಕಳು. ಮಗನ ಮಗ ಬೆಂಗಳೂರಿನ ಕಡೆ, ಮಗಳ ಮಗ ಚೆನ್ನೈ ಕಡೆ. ಒಂಬತ್ತನೇ ನಿಮಿಷಕ್ಕೇ ಸುನಿಲ್ ಛೇಟ್ರಿ ತಲೆಯಿಂದ ಹೊಡೆದು ಗೋಲು ಮಾಡಿದ. ಕೊನೆಗೆ ಗೆದ್ದದ್ದು ಚೆನ್ನೈ, 3-2. ಆಗ ಒಬ್ಬ ಇನ್ನೊಬ್ಬನಿಗೆ, "ತಮಿಳುನಾಡಿನ ರೇಷನ್ ಅಕ್ಕಿ ತಿಂದು ಬೆಂಗಳೂರಿಗೆ ಕೂಗ್ತೀಯಾ?" ಅಂದುಬಿಟ್ಟ. "ಮನೇಲಿ ಕನ್ನಡ ಮಾತಾಡಿ ನೀನು ಚೆನ್ನೈಗೆ ಕೂಗ್ತೀಯಾ?" ಅಂದ ಇವನು. ಸೂಳಗಿರಿಯಲ್ಲಿ ಹುಟ್ಟಿದ ನನಗೆ ಇಂಥ ಮಾತು ಹೊಸದಲ್ಲ. ಆದರೆ ಮನೆಯೊಳಗೆ ಕೇಳಿದ್ದು ಅವತ್ತೇ ಮೊದಲು.

ಆಮೇಲೆ ಆ ತಂಡದ ಕತೆ ಕೇಳಿ ತಿಳಿದುಕೊಂಡೆ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಕಟ್ಟಿದ್ದು ಜೆಎಸ್‌ಡಬ್ಲ್ಯು, ಬಳ್ಳಾರಿ ಕಡೆ ತೋರಣಗಲ್ಲಿನಲ್ಲಿ ಉಕ್ಕು ಮಾಡೋ ಕಂಪನಿ. ಮೊದಲ ವರ್ಷವೇ ಐ-ಲೀಗ್ ಗೆದ್ದರು. 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ಮುಟ್ಟಿದರು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿಗೆ ಹೋಗಿರಲಿಲ್ಲ. ಇರಾಕಿನ ವಾಯುಪಡೆ ತಂಡ ಒಂದೇ ಗೋಲಿನಲ್ಲಿ ಸೋಲಿಸಿತು.

ಕಂಪನಿ ಕಟ್ಟಿದ್ದು ಊರಿನ ತಂಡ ಹೇಗಾಯಿತು? ನೆಲದಲ್ಲಿ ಮೊದಲೇ ಬೇರಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದು ತಂದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಹೆಚ್ಚಿನಂಶ ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯ ಸಂತೋಷ್ ಟ್ರೋಫಿ ನಾಲ್ಕು ಸಲ ಗೆದ್ದಿತ್ತು. ಕಂಪನಿಯವರು ಹಳೇ ಹೊಲಕ್ಕೇ ಹೊಸ ಬೀಜ ಹಾಕಿದರು.

ಅಮೆರಿಕದಲ್ಲಿ ಸ್ಯಾನ್ ಹೋಸೆ ಅನ್ನೋ ಊರಿನ ತಂಡವನ್ನು 2005ರ ಆಟ ಮುಗಿದ ಮೇಲೆ ಹ್ಯೂಸ್ಟನ್ನಿಗೆ ಎಬ್ಬಿಸಿಕೊಂಡು ಹೋದರಂತೆ. ಆಟಗಾರರು ಹೋದರು, ಹೆಸರು, ಬಣ್ಣ, ಗೆದ್ದ ಲೆಕ್ಕ ಎಲ್ಲ ಹಳೇ ಊರಿಗೇ ಉಳೀತು. 2008ರಲ್ಲಿ ಅದೇ ಹೆಸರಲ್ಲಿ ಮತ್ತೆ ಆಡಿದರು.

ಒಂದು ಸಲ ಮೊಮ್ಮಗ ನನ್ನನ್ನ ಕಂಠೀರವಕ್ಕೆ ಕರಕೊಂಡು ಹೋದ. ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿಗಳ ಗುಂಪು ನಿಂತೇ ಇತ್ತು. ಮುಂದೊಬ್ಬ ಹೇಳ್ತಾನೆ, ಹಿಂದೆ ಎಲ್ಲಾರೂ ಸೊಲ್ಲು ಹಿಡೀತಾರೆ. ನಮ್ಮ ಮೇಳದ ಹಾಗೇ. ಅವರು ಹೆಚ್ಚಾಗಿ ಕೂಗೋ ಛೇಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ನೀನು ಯಾವ ರಾಜ್ಯದೋನು ಅಂತ ಅಲ್ಲಿ ಯಾರೂ ಅವನನ್ನ ಕೇಳಲಿಲ್ಲ.

2019ರ ಮಾರ್ಚ್ 17ಕ್ಕೆ ಮುಂಬೈನಲ್ಲಿ ಗೋವಾ ಸೋಲಿಸಿ ಬೆಂಗಳೂರು ಐಎಸ್‌ಎಲ್ ಗೆದ್ದಿತು. ಅವತ್ತು ಇಬ್ಬರಿಗೂ ಹೇಳಿದೆ: "ನಮ್ಮ ಕೊತ್ತಂಬರಿ ಸೊಪ್ಪು ಬೆಂಗಳೂರಿಗೂ ಹೋಗ್ತದೆ, ಚೆನ್ನೈಗೂ ಹೋಗ್ತದೆ. ಎರಡು ತಂಡದ ಬಣ್ಣವೂ ನೀಲೀನೇ. ಯಾರಿಗಾದರೂ ಕೂಗ್ರಪ್ಪಾ, ಒಬ್ಬರನ್ನೊಬ್ಬರು ಹೊರಗಿನವನು ಅನ್ನಬೇಡಿ."