ಕಿತ್ತೂರು ಕೋಟೆಯ ವಸ್ತುಸಂಗ್ರಹಾಲಯ

ಕಿತ್ತೂರು ದೇಸಾಯಿ ಮನೆತನದ ಆಳ್ವಿಕೆ 1585ರಲ್ಲಿ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಸಹೋದರರಿಂದ ಆರಂಭವಾಯಿತು. 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಸೈನ್ಯ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೊಂದು ಗೆದ್ದರೂ, ಡಿಸೆಂಬರ್‌ನಲ್ಲಿ ಕೋಟೆ ಕೈತಪ್ಪಿತು. ಸೆರೆಯಾದ ಚನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಸಮಾಧಿಯೂ ಅಲ್ಲಿಯೇ ಇದೆ.

ಕೋಟೆಯೊಳಗಿನ ಅರಮನೆಯಲ್ಲಿ ಇಂದು ಉಳಿದಿರುವುದು ಹೆಚ್ಚಾಗಿ ಗೋಡೆಗಳು ಮತ್ತು ಅಡಿಪಾಯ. ಆದರೂ ಅದನ್ನು ಬರೀ ಪಾಳು ಎನ್ನಲಾಗದು. ಬಾವಿಯ ನೀರನ್ನು ಸ್ನಾನಗೃಹಗಳಿಗೆ ಹರಿಸುವ ಏರ್ಪಾಡು, ಕಟ್ಟಿದ ತೊಟ್ಟಿಗಳು, ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಬಿಟ್ಟ ಕಿಂಡಿ ಆ ಕಾಲದ ಕಸುಬುದಾರರ ಲೆಕ್ಕಾಚಾರವನ್ನು ತೋರಿಸುತ್ತವೆ. ಯುದ್ಧದ ಕಥೆಯ ಅಬ್ಬರದಲ್ಲಿ ಈ ಕಿಂಡಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ.

ಕೋಟೆಯ ಆವರಣದ ಸಂಗ್ರಹಾಲಯವು ರಾಜ್ಯ ಸರ್ಕಾರದ್ದು. ಕತ್ತಿ, ಕವಚಗಳ ಜೊತೆಗೆ ಕೆತ್ತನೆಯ ಮರದ ಬಾಗಿಲು, ಸುತ್ತಲಿನ ಊರುಗಳಿಂದ ತಂದ ಶಿಲ್ಪ ಹಾಗೂ ವೀರಗಲ್ಲುಗಳೂ ಇಲ್ಲಿವೆ. ಆಯುಧ ನೋಡಲು ಬಂದವರು ಬಡಿಗರ ಉಳಿಯ ಕೆಲಸವನ್ನೂ ನಿಂತು ನೋಡಬೇಕು.

ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ, ಚನ್ನಮ್ಮನ ಸೇನೆಯಲ್ಲಿದ್ದು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಬದುಕನ್ನು ಹೇಳುವ ಶಿಲ್ಪವನವಿದೆ. ಅಕ್ಟೋಬರ್‌ನ ಕಿತ್ತೂರು ಉತ್ಸವದಲ್ಲಿ ಜನಪದ ಕಲಾತಂಡಗಳ ಮೆರವಣಿಗೆ ನಡೆಯುತ್ತದೆ.