ಕೊಳೆರೋಗ, ಕೋಲ್ಮನ್ ಮತ್ತು ನೀಲಿ ದ್ರಾವಣ



ಮಲೆನಾಡಿನ ನಮ್ಮ ಮನೆಯಲ್ಲಿ ಆಷಾಢದ ಮಳೆ ಬಿರುಸಾದೊಡನೆ ತಂದೆಯವರು ಬೆಳಗಿನ ಜಾವವೇ ತೋಟಕ್ಕೆ ಇಳಿಯುತ್ತಿದ್ದರು. ಉದುರಿದ ಎಳೆಯ ಅಡಿಕೆಯನ್ನು ಎತ್ತಿ ತೊಟ್ಟಿನ ಬುಡವನ್ನು ನೋಡುವರು. ಅಲ್ಲಿ ನೀರು ಕುಡಿದಂತಹ ಕಡುಹಸಿರು ಕಲೆ ಕಂಡರೆ ಆ ದಿನ ಮನೆಯಲ್ಲಿ ಮಾತು ಕಡಿಮೆ. ಬಿದ್ದ ಕಾಯಿಯ ಮೇಲೆ ಮುಂದೆ ಬಿಳಿಯ ಬೂಷ್ಟು ಹರಡುತ್ತಿತ್ತು. ಅದೇ ಕೊಳೆರೋಗ, ದಕ್ಷಿಣ ಕನ್ನಡದವರ ಮಹಾಳಿ.

ಹಿಂದಿನವರು ಕರಡದ ಹುಲ್ಲಿನ ಕೊಟ್ಟೆಯನ್ನು ಹೆಣೆದು ಗೊನೆಗೆ ಕಟ್ಟುತ್ತಿದ್ದರು. ಮಳೆಯ ನೀರು ತಗುಲದಿದ್ದರೆ ಕಾಯಿ ಕೊಳೆಯದೆಂಬುದು ಅನುಭವದಿಂದ ತಿಳಿದಿತ್ತು, ಏಕೆಂಬುದು ತಿಳಿದಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕಾರಕವು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಕ್ಷಾಮ ತಂದ ಜೀವಿಯ ದಾಯಾದಿ. ಇದರ ಬೀಜಕಣಗಳು ನೀರಿನಲ್ಲಿ ಈಜಿ ಹರಡುತ್ತವೆ. ಹಿರಿಯರ ಕೊಟ್ಟೆಯ ಮರ್ಮ ಇದೇ ಆಗಿತ್ತು.

ಕೋಲ್ಮನ್ ಬಳಕೆಗೆ ತಂದ ಮದ್ದು ಬೋರ್ಡೋ ದ್ರಾವಣ. ಅದರ ಹುಟ್ಟೂ ಸ್ವಾರಸ್ಯಕರ. ಫ್ರಾನ್ಸಿನ ಮೆಡೋಕ್ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಎರಚುತ್ತಿದ್ದರು. 1882ರಲ್ಲಿ ಆ ಬಳ್ಳಿಗಳು ಮಾತ್ರ ಬೂಜುರೋಗಕ್ಕೆ ಎಲೆಯುದುರಿಸದೆ ನಿಂತುದನ್ನು ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿದರು. 1885ರಲ್ಲಿ ಪ್ರಯೋಗದ ಫಲವನ್ನು ಪ್ರಕಟಿಸಿದರು.

ಒಂದು ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿಯೂ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಕತ್ತಿಯನ್ನು ಅದ್ದಿದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದೆಂದರ್ಥ. ಮುಂಗಾರಿಗೆ ಮೊದಲೊಮ್ಮೆ, 40–45 ದಿನಗಳ ಬಳಿಕ ಮತ್ತೊಮ್ಮೆ ಗೊನೆಗೆ ಸಿಂಪಡಿಸಬೇಕು. ಉದುರಿದ ರೋಗದ ಕಾಯಿಗಳನ್ನು ಆರಿಸಿ ಸುಡಬೇಕು.

ಈ ಮದ್ದು ಕಾಯುತ್ತದೆ, ಕೊಳೆತುದನ್ನು ಬದುಕಿಸದು. ಒಂದು ವರ್ಷ ಕೈಯಲ್ಲಿ ಹಣವಿಲ್ಲದೆ ತಂದೆಯವರು ಸಿಂಪಡಣೆಯನ್ನು ಹದಿನೈದು ದಿನ ಮುಂದೂಡಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ಪಾಚಿಗಟ್ಟಿ ಜಾರುವ ಮರವನ್ನು ಹತ್ತಲು ಕೊನೆಗಾರನು ಒಪ್ಪಿದರೂ ತಂದೆಯವರು ಒಪ್ಪಲಿಲ್ಲ. "ಅಡಿಕೆ ಮುಂದಿನ ವರ್ಷ ಬಂದೀತು ಮಾರಾಯ, ನೀನು ಇಳಿ" ಎಂದರು. ಅರ್ಧ ಫಸಲು ನೆಲಕ್ಕೆ ಬಿತ್ತು. ನನ್ನ ಕಾಲೇಜು ಒಂದು ವರ್ಷ ತಡವಾಯಿತು.

ಅಂದು ನನಗೆ ಕೋಪವಿತ್ತು. ಇಂದು ಆ ಮಾತನ್ನು ನೆನೆದು ಕೈಮುಗಿಯುತ್ತೇನೆ.